ಪಟ್ಟಿಯಿಂದ ಎರಡು ಊರು ಕಳೆಯಿರಿ

ದಸರಾ ರಜೆಗೋ ಬೇಸಿಗೆ ರಜೆಗೋ ಎರಡು ತಿಂಗಳಿದೆ ಎನ್ನುವಾಗ ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ಆರು ದಿನ, ಐದು ರಾತ್ರಿ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿ ಬಾಡಿಗೆ ಕಾರು. ಮೊದಲ ದಿನ ಶಿಮ್ಲಾ, ಎರಡನೆಯ ದಿನ ಕುಫ್ರಿ ಮುಗಿಸಿ ಮನಾಲಿ, ಮೂರಕ್ಕೆ ಅಟಲ್ ಸುರಂಗ, ನಾಲ್ಕಕ್ಕೆ ಧರ್ಮಶಾಲಾ, ಐದಕ್ಕೆ ಡಾಲ್‌ಹೌಸಿ, ಆರಕ್ಕೆ ಅಮೃತಸರದ ಸ್ವರ್ಣಮಂದಿರ ನೋಡಿಕೊಂಡು ಅಲ್ಲಿಂದಲೇ ವಾಪಸ್. ನಕ್ಷೆಯ ಮೇಲೆ ಬೆರಳಾಡಿಸಿದರೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಆರರಿಂದ ಭಾಗಿಸಿದರೆ ದಿನಕ್ಕೆ ನೂರರವತ್ತು ಚಿಲ್ಲರೆ. ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟೇ ಆಯಿತಲ್ಲ, ಅದೇನು ಮಹಾ ಎಂದು ಮನೆಯ ಯಜಮಾನರು ಟಿಕೆಟ್ ಬುಕ್ ಮಾಡಿಬಿಡುತ್ತಾರೆ.

ಲೆಕ್ಕ ಎಡವುವುದು ಆ ಭಾಗಾಕಾರದಲ್ಲೇ. ಬಯಲುಸೀಮೆಯಲ್ಲಿ ದೂರ ಹೇಳಿದರೆ ಹೊತ್ತು ಹೇಳಿದಂತೆ. ಹಿಮಾಲಯದಲ್ಲಿ ನಾಲ್ಕು ಪಥದ ಹೆದ್ದಾರಿ ಬಿಟ್ಟ ಮೇಲೆ ಗಂಟೆಗೆ ಇಪ್ಪತ್ತೈದು ಮೂವತ್ತು ಕಿ.ಮೀ. ದಕ್ಕಿದರೆ ಅದೇ ಪುಣ್ಯ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವು ಹತ್ತಿ ಇಳಿದವರು ನಾವು, ಮಳೆಗಾಲದ ಚಾರ್ಮಾಡಿಯಲ್ಲಿ ಮಂಜಿನೊಳಗೆ ಮುಂದಿನ ಬಸ್ಸಿನ ಕೆಂಪು ದೀಪವನ್ನೇ ನಂಬಿ ಬಂದವರು, ನಮಗೇನು ಹೆದರಿಕೆ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಘಾಟಿಗೊಂದು ಕೊನೆಯಿದೆ. ಕೊಟ್ಟಿಗೆಹಾರ ಬಂತೆಂದರೆ ಕಾರು ನಿಲ್ಲಿಸಿ, ನೀರ್‌ದೋಸೆ ತಿಂದು ಮೈಮುರಿಯಬಹುದು. ಹಿಮಾಲಯದಲ್ಲಿ ಒಂದು ಘಾಟಿ ಮುಗಿದರೆ ಇನ್ನೊಂದು ಕಾದಿರುತ್ತದೆ, ದಿನವಿಡೀ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಶಿಮ್ಲಾದ ಪೇಟೆ ಅದಕ್ಕಿಂತ ಮೇಲಿದೆ. ಅಲ್ಲಿ ಜನ ತರಕಾರಿ ಕೊಳ್ಳುವುದೇ ನಮ್ಮ ನಾಡಿನ ನೆತ್ತಿಗಿಂತ ಎತ್ತರದಲ್ಲಿ.

ಅದಿರಲಿ, ಸ್ವಂತ ಕೈಯಲ್ಲಿ ಕಾರು ಓಡಿಸಿಕೊಂಡು ಹೋಗುವುದು ಯಾಕೆ? ಖರ್ಚು ಉಳಿಯುತ್ತದೆ ಎನ್ನುವವರಿದ್ದಾರೆ. ಬಾಡಿಗೆ, ಪೆಟ್ರೋಲು, ಟೋಲು, ಠೇವಣಿ ಎಲ್ಲ ಕೂಡಿಸಿ ನೋಡಿದರೆ ಊರಿನ ಟ್ಯಾಕ್ಸಿಗೂ ಇದಕ್ಕೂ ದೊಡ್ಡ ಅಂತರವೇನೂ ಇರುವುದಿಲ್ಲ. ಮೇಲಾಗಿ ಸ್ಟೀರಿಂಗ್ ಹಿಡಿದವನಿಗೆ ಕಾಣುವುದು ಡಾಂಬರು ಮಾತ್ರ. ಹಿಮದ ಸಾಲು ಹಿಂದೆ ಕೂತವರ ಪಾಲು. ಸೆಲ್ಫ್ ಡ್ರೈವ್‌ನಲ್ಲಿ ನಿಜವಾಗಿ ಸಿಗುವ ಲಾಭ ಒಂದೇ, ಬೇಕಾದಲ್ಲಿ ನಿಲ್ಲಿಸಬಹುದು. ಟ್ಯಾಕ್ಸಿಯವರು ‘ಪಾಯಿಂಟ್’ನಿಂದ ಪಾಯಿಂಟ್‌ಗೆ ಓಡಿಸುತ್ತಾರೆ. ನಡುವೆ ಸೇಬಿನ ತೋಟ ಹೂಬಿಟ್ಟಿದ್ದರೆ, ಹಳ್ಳಿಯ ಗುಡಿಯ ಮುಂದೆ ದೇವರ ಪಲ್ಲಕ್ಕಿ ಹೊರಟಿದ್ದರೆ ಅದು ಅವರ ಪಟ್ಟಿಯಲ್ಲಿಲ್ಲ. ನಿಮ್ಮದೇ ಕಾರಾದರೆ ಅಲ್ಲಿ ಇಳಿದು ಅರ್ಧ ಗಂಟೆ ನಿಲ್ಲಬಹುದು. ಆದರೆ ಸಂಜೆಯೊಳಗೆ ಮನಾಲಿ ಮುಟ್ಟಲೇಬೇಕು ಎಂದು ಹೊರಟವರಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಮೊದಲ ದಿನವೇ ಅದನ್ನು ಪಟ್ಟಿಗೆ ಮಾರಿಕೊಂಡಾಗಿದೆ. ಹಾಗಾಗಿ ಯಾರಾದರೂ ಯೋಜನೆ ತೋರಿಸಿ ಅಭಿಪ್ರಾಯ ಕೇಳಿದರೆ ಎರಡು ಊರು ಹೊಡೆದುಹಾಕಿ, ಆಮೇಲೆ ಮಾತಾಡೋಣ ಎನ್ನುತ್ತೇನೆ. ಮುಖ ಸಣ್ಣದಾಗುತ್ತದೆ, ನಿಜ.

ಮನೆಯಲ್ಲಿ ಗಾಡಿ ಓಡಿಸುವವರು ಒಬ್ಬರೇ ಇದ್ದು, ಅವರೂ ಘಾಟಿ ಕಂಡವರಲ್ಲದಿದ್ದರೆ ಟ್ಯಾಕ್ಸಿ ಹಿಡಿಯುವುದೇ ಜಾಣತನ. ಅದರಲ್ಲಿ ಅವಮಾನವೇನಿಲ್ಲ.

ಆರು ದಿನಕ್ಕೆ ಒಂದು ಕಣಿವೆ ಸಾಕು. ನನ್ನ ಮೆಚ್ಚಿನದು ಶಿಮ್ಲಾ ದಾಟಿ ನಾರ್ಕಂಡದ ಕಡೆ ಹೋಗುವ ದಾರಿ, ಹಳೆಯ ಹಿಂದೂಸ್ತಾನ್-ಟಿಬೆಟ್ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 5. ಬೆಂಗಳೂರಿನಿಂದ ಚಂಡೀಗಢಕ್ಕೆ ನೇರ ವಿಮಾನಗಳಿವೆ, ಮೂರು ತಾಸಿನ ಆಸುಪಾಸು. ದೆಹಲಿಗೆ ಟಿಕೆಟ್ ಅಗ್ಗ ಸಿಕ್ಕಿತೆಂದು ಅಲ್ಲಿಳಿದು ಕಾರು ಹತ್ತುವವರು ಬೆಟ್ಟ ಕಾಣುವ ಮೊದಲೇ 250 ಕಿ.ಮೀ. ಬಯಲು ತುಳಿದು ಅರ್ಧ ದಿನ ಕಳೆದಿರುತ್ತಾರೆ. ಚಂಡೀಗಢದಿಂದ ಶಿಮ್ಲಾಕ್ಕೆ ಸುಮಾರು 115 ಕಿ.ಮೀ. ಅಷ್ಟನ್ನು ಮೊದಲ ದಿನವೇ ಮುಗಿಸುವ ಹಟ ಬೇಡ. ಬೆಳಗಿನ ಜಾವ ಎದ್ದು ವಿಮಾನ ಹತ್ತಿದ ಮೈ, ಕೈಯಲ್ಲಿ ಪರಿಚಯವಿಲ್ಲದ ಗಾಡಿ, ಎದುರಿಗೆ ಶಿಮ್ಲಾದ ಸಂಜೆಯ ಜಾಮ್: ಈ ಮೂರೂ ಒಟ್ಟಿಗೆ ಬರಬಾರದು. ಅರ್ಧ ದಾರಿಯಲ್ಲಿ ಸೋಲನ್ ಅಥವಾ ಬರೋಗ್‌ನಲ್ಲಿ ಉಳಿಯಿರಿ. ಬರೋಗ್‌ನಲ್ಲಿ ಕಾಲ್ಕಾ–ಶಿಮ್ಲಾ ಆಟಿಕೆ ರೈಲಿನ ನಿಲ್ದಾಣವಿದೆ, ಪಕ್ಕದಲ್ಲೇ ಆ ಮಾರ್ಗದ ಅತಿ ಉದ್ದದ, ಒಂದು ಕಿಲೋಮೀಟರಿಗೂ ಮಿಕ್ಕಿದ ಸುರಂಗ. 1903ರಲ್ಲಿ ಶುರುವಾದ ಈ ರೈಲು 96 ಕಿ.ಮೀ. ದಾರಿಗೆ ಇವತ್ತಿಗೂ ಐದು ತಾಸು ತೆಗೆದುಕೊಳ್ಳುತ್ತದೆ. ಬೇಸಿಗೆಯ ಶನಿವಾರಗಳಂದು ಪಕ್ಕದ ಹೆದ್ದಾರಿಯ ಕಾರುಗಳೂ ಹೆಚ್ಚುಕಡಿಮೆ ಅದಕ್ಕೆ ಸರಿಸಾಟಿ.

ಎರಡನೆಯ ದಿನ ಬೆಳಗ್ಗೆ ಬೇಗ ಹೊರಟು ಶಿಮ್ಲಾವನ್ನು ಆಚೆ ಹಾಕಿಬಿಡಿ, ಬರುವಾಗ ನೋಡಿದರಾಯಿತು. ಕುಫ್ರಿ, ಥಿಯೋಗ್ ದಾಟಿ ನಾರ್ಕಂಡಕ್ಕೆ ಶಿಮ್ಲಾದಿಂದ ಅರವತ್ತು ಚಿಲ್ಲರೆ ಕಿ.ಮೀ., ಎರಡೂವರೆ ಗಂಟೆಯ ದಾರಿ. ಅಲ್ಲಿಂದ ತುಸು ಇಳಿದರೆ ಥಾನೇದಾರ್, ಕೋಟ್‌ಗಢ. ಎರಡು ರಾತ್ರಿ ಇಲ್ಲೇ ಬೀಡುಬಿಡಿ. ಹಿಮಾಚಲದ ಸೇಬಿನ ಕಥೆ ಬೆಳೆದದ್ದು ಈ ಇಳಿಜಾರಿನಲ್ಲಿ. ಫಿಲಡೆಲ್ಫಿಯಾದ ಶ್ರೀಮಂತ ಮನೆತನದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ತರುಣ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದವನು, ಕೋಟ್‌ಗಢದಲ್ಲಿ ನೆಲೆ ನಿಂತ, ಇಲ್ಲಿಯ ಹುಡುಗಿಯನ್ನೇ ಮದುವೆಯಾದ. 1916ರಲ್ಲಿ ಅಮೆರಿಕದಿಂದ ತರಿಸಿದ ರೆಡ್ ಡೆಲಿಷಿಯಸ್ ಸೇಬಿನ ಗಿಡ ನೆಟ್ಟ. ಸ್ವಾತಂತ್ರ್ಯ ಹೋರಾಟಕ್ಕಿಳಿದು ಬ್ರಿಟಿಷರ ಜೈಲನ್ನೂ ಕಂಡ, ಮುಂದೆ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದನಾದ. ಆತನ ಮನೆ, ಆತ ಕಟ್ಟಿಸಿದ ಗುಡಿ ಇಂದಿಗೂ ಥಾನೇದಾರಿನಲ್ಲಿವೆ. ತೋಟದ ನಡುವಿನ ಹೋಮ್‌ಸ್ಟೇ ಹಿಡಿದು, ಒಂದು ಇಡೀ ದಿನ ಕಾರಿನ ಕೀಲಿ ಮುಟ್ಟದೆ ನಡೆದಾಡಿದರೂ ನಷ್ಟವಿಲ್ಲ.

ಎಂಟು ದಿನ ರಜೆ ಇದ್ದವರು ಇಲ್ಲಿಂದ ಸಟ್ಲೆಜ್ ನದಿಯವರೆಗೆ ಇಳಿದು, ರಾಂಪುರ ದಾಟಿ, ಜಿಯೋರಿಯಲ್ಲಿ ಬಲಕ್ಕೆ ಹತ್ತಿ ಸರಾಹನ್‌ಗೆ ಹೋಗಬಹುದು. ದೇವದಾರು ತೊಲೆ ಒಂದು ಸಾಲು, ಕಲ್ಲು ಒಂದು ಸಾಲು ಪೇರಿಸಿ ಕಟ್ಟಿದ ಭೀಮಾಕಾಳಿ ದೇವಾಲಯ ಅಲ್ಲಿದೆ. ಒಳಗೆ ಹೋಗುವಾಗ ಬೆಲ್ಟು, ಪರ್ಸು ಮುಂತಾದ ಚರ್ಮದ ವಸ್ತುಗಳನ್ನೆಲ್ಲ ಹೊರಗಿಡಬೇಕು, ತಲೆಗೆ ಟೋಪಿ ಹಾಕಿಕೊಳ್ಳಬೇಕು. ಆರೇ ದಿನದವರು ಸರಾಹನ್ನಿನ ಆಸೆ ಬಿಡಬೇಕು. ನಾಲ್ಕನೆಯ ರಾತ್ರಿ ಶಿಮ್ಲಾ, ಐದನೆಯದು ಚಂಡೀಗಢ.

ಹಾಗಾದರೆ ಮನಾಲಿ? ಹೋಗಿ, ಅದೊಂದಕ್ಕೇ ಹೋಗಿ. 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗದಿಂದ ಲಾಹೌಲ್ ಹತ್ತಿರವಾಗಿದೆ. ರೋಹ್ತಾಂಗ್ ಕಣಿವೆದಾರಿಗೆ ಮಾತ್ರ ಮುಂಚಿತವಾಗಿ ಪರವಾನಗಿ ಬೇಕು, ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿಯಿದೆ. ಲೇಹ್, ಸ್ಪಿತಿಗಳನ್ನು ಈ ಆರು ದಿನದ ಲೆಕ್ಕಕ್ಕೆ ತರಲೇಬೇಡಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಅವಸರದವರಿಗೆ ಆ ದಾರಿ ಅಲ್ಲ.

ಯಾವಾಗ ಹೋಗಬೇಕು ಎಂಬ ವಿಷಯದಲ್ಲಿ ಕನ್ನಡಿಗರಿಗೊಂದು ಅನುಕೂಲವಿದೆ, ಬಹಳ ಮಂದಿ ಅದನ್ನು ಗಮನಿಸಿಲ್ಲ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್‌ನಲ್ಲೇ ಶುರು. ದೆಹಲಿ ಕಡೆಯ ಮಕ್ಕಳು ಆಗಿನ್ನೂ ಶಾಲೆಯಲ್ಲಿರುತ್ತಾರೆ, ಅವರ ರಜೆ ಮೇ ನಡುವಿನ ಹೊತ್ತಿಗೆ. ಶಿಮ್ಲಾ, ಮನಾಲಿ ರಸ್ತೆಗಳು ಉಸಿರು ಕಟ್ಟುವುದು ಆಮೇಲೆ. ಏಪ್ರಿಲ್ ಎರಡನೆಯ, ಮೂರನೆಯ ವಾರದಲ್ಲಿ ಹೋದರೆ ಕಾಡಿನಲ್ಲಿ ಬುರಾಂಶ್ ಎಂಬ ಕೆಂಪು ಹೂ ಇನ್ನೂ ಇರುತ್ತದೆ, ಸೇಬಿನ ತೋಟಗಳು ಬಿಳಿ ಗುಲಾಬಿ ಬಣ್ಣದ ಹೂ ಹೊದ್ದಿರುತ್ತವೆ, ಕೋಣೆಗಳೂ ಸುಲಭವಾಗಿ ಸಿಗುತ್ತವೆ. ಎರಡನೆಯ ಅವಕಾಶ ದಸರಾ ರಜೆ. ಮಳೆ ತೊಳೆದು ಹೋದ ಆಕಾಶ, ದೂರದ ಹಿಮಸಾಲು ನಿಚ್ಚಳ. ಸೇಬಿನ ಲಾರಿಗಳ ಭರಾಟೆಯೂ ಅಷ್ಟರಲ್ಲಿ ಇಳಿಮುಖವಾಗಿರುತ್ತದೆ. ಕುಲ್ಲು ಕಡೆ ಹೋಗುವವರು ಒಂದು ಸಂಗತಿ ನೆನಪಿಡಬೇಕು: ಮೈಸೂರಿನಲ್ಲಿ ಜಂಬೂಸವಾರಿಯೊಂದಿಗೆ ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನಲ್ಲಿ ದಸರಾ ಆರಂಭ. ಏಳು ದಿನ ಸುತ್ತಲಿನ ಹಳ್ಳಿಗಳ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಬಂದು ಸೇರುತ್ತವೆ. ಕಣ್ತುಂಬ ನೋಡಬೇಕಾದ ಹಬ್ಬ ನಿಜ, ಆದರೆ ಕೋಣೆ ತಿಂಗಳುಗಟ್ಟಲೆ ಮೊದಲೇ ಹಿಡಿದಿರಬೇಕು.

ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗಿನ ಮಳೆಗಾಲದಲ್ಲಿ ಹೋಗಲೇಬೇಡಿ. 2023ರ ಆಗಸ್ಟ್‌ನಲ್ಲಿ ಚಂಡೀಗಢ–ಶಿಮ್ಲಾ ದಾರಿಯ ಬೆಟ್ಟ ಶುರುವಾಗುವ ಪರ್ವಾಣೂ ಬಳಿ, ಚಕ್ಕಿ ಮೋಡ್ ಎಂಬಲ್ಲಿ ಹೆದ್ದಾರಿ ಕುಸಿದು ದಿನಗಟ್ಟಲೆ ಸಂಚಾರ ನಿಂತಿತ್ತು. ಬೆಟ್ಟವನ್ನು ಗೋಡೆಯಂತೆ ನೆಟ್ಟಗೆ ಕಡಿದು ರಸ್ತೆ ಅಗಲಿಸುತ್ತಾರೆ, ಬುಡದ ಆಸರೆ ಕಳೆದುಕೊಂಡ ಸಡಿಲ ಮಣ್ಣುಕಲ್ಲಿಗೆ ನೀರು ಇಳಿಯುತ್ತದೆ, ಒಂದು ರಾತ್ರಿ ಎಲ್ಲ ಜಾರಿ ಬರುತ್ತದೆ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕಾರಿನ ವಿಚಾರ. ಮೊದಲು ನೋಡಬೇಕಾದ್ದು ಬೋರ್ಡು. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ‘ನಮ್ಮ ಮನೆ ಕಾರೇ ಸಾರ್, ಕಡಿಮೆಗೆ ಕೊಡ್ತೀವಿ’ ಎಂದು ವೈಟ್ ಬೋರ್ಡ್ ಗಾಡಿ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅದು ಕಾನೂನುಬಾಹಿರ, ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತುತ್ತದೆ. ಹಿಮಾಚಲಕ್ಕೆ ಒಯ್ಯಲು ಪರ್ಮಿಟ್ ಇದೆಯೇ, ರಾಜ್ಯದ ತೆರಿಗೆ ಯಾರು ಕಟ್ಟಬೇಕು, ದಿನಕ್ಕೆ ಎಷ್ಟು ಕಿ.ಮೀ. ಮಿತಿ, ಟೈರು ಮತ್ತು ಕಾರಿನ ತಳಕ್ಕೆ ಪೆಟ್ಟಾದರೆ ವಿಮೆ ಬರುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಬೆಟ್ಟದಲ್ಲಿ ಹಾಳಾಗುವುದೇ ಟೈರು ಮತ್ತು ತಳ, ಎಷ್ಟೋ ಕರಾರುಗಳಲ್ಲಿ ಬಿಟ್ಟುಹೋಗುವುದೂ ಅವೇ. ಕೀಲಿ ಕೈಗೆ ಬಂದ ಕೂಡಲೇ ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು ವಿಡಿಯೊ ಮಾಡಿ: ನಾಲ್ಕೂ ಬಾಗಿಲು, ಬಂಪರಿನ ಕೆಳಭಾಗ, ಚಕ್ರದ ರಿಮ್ಮು, ಮೀಟರು, ಪೆಟ್ರೋಲಿನ ಮುಳ್ಳು. ಡಿಕ್ಕಿ ತೆರೆದು ಸ್ಟೆಪ್ನಿಗೆ ಗಾಳಿ ಇದೆಯೇ, ಜಾಕ್ ಇದೆಯೇ ನೋಡಿ. 2025ರಿಂದ ಹಿಮಾಚಲದಲ್ಲಿ ಇಂಥ ಬಾಡಿಗೆ ಗಾಡಿಗಳಲ್ಲಿ ಕಸದ ಡಬ್ಬಿ ಕಡ್ಡಾಯ, ಇಲ್ಲದಿದ್ದರೆ ದಂಡ.

ದೊಡ್ಡ ಗಾಡಿಯೇ ಬೇಕೆಂಬ ವ್ಯಾಮೋಹ ಬೇಡ. ಆ ಓಣಿಯಂಥ ರಸ್ತೆಗಳಲ್ಲಿ ಚಿಕ್ಕ ಕಾರೇ ರಾಜ. ಆದರೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಸಾವಿರ ಮೀಟರ್ ಏರಿದಾಗಲೆಲ್ಲ ಹತ್ತರಲ್ಲೊಂದು ಪಾಲು ಶಕ್ತಿ ಸೋರಿಹೋಗುತ್ತದೆ, ಗಾಳಿ ತೆಳುವಾಗುವುದರಿಂದ. ನಾರ್ಕಂಡ 2,700 ಮೀಟರ್. ಐವರು ದೊಡ್ಡವರು, ಐದು ಸೂಟ್‌ಕೇಸು ತುಂಬಿಕೊಂಡ ಪುಟ್ಟ ಕಾರು ಅಲ್ಲಿ ಎರಡನೆಯ ಗೇರಿನಲ್ಲಿ ನರಳುತ್ತದೆ. ಮೂವರು ನಾಲ್ವರಾದರೆ ಚಿಂತೆಯಿಲ್ಲ.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಬಯಲಿನ ಚಾಲಕರಿಗೆ ಇದು ತಲೆಗೆ ಹೋಗುವುದು ತಡವಾಗಿ. ನಾರ್ಕಂಡದಿಂದ ಸಟ್ಲೆಜ್ ದಂಡೆಯ ರಾಂಪುರಕ್ಕೆ ಸುಮಾರು 65 ಕಿ.ಮೀ.ಯಲ್ಲಿ 1,700 ಮೀಟರ್ ಇಳಿಯಬೇಕು. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಬ್ರೇಕು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರು ಬೇಕಿತ್ತೋ ಇಳಿಯುವಾಗಲೂ ಅದೇ ಗೇರು ಎಂಬುದು ಹಳೆಯ ಲಾರಿ ಚಾಲಕರ ಸೂತ್ರ. ಎರಡನೆಯ ಗೇರಿನಲ್ಲಿಟ್ಟು ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಬಿಡಿ, ಬ್ರೇಕನ್ನು ತುಸು ಒತ್ತಿ ತುಸು ಬಿಡಿ. ಆಟೊಮ್ಯಾಟಿಕ್ ಆದರೆ ‘ಡಿ’ಯಲ್ಲೇ ಬಿಡದೆ ‘ಎಲ್’ಗೋ ಮ್ಯಾನುವಲ್‌ಗೋ ಹಾಕಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಜಾಣರು ಆ ಜಾಣತನವನ್ನು ಪರ್ವಾಣೂವಿನಲ್ಲೇ ಬಿಟ್ಟು ಬರಬೇಕು.

ನಾರ್ಕಂಡದ ಮೇಲೆ ಸುಮಾರು 3,400 ಮೀಟರ್ ಎತ್ತರದ ಹಾಟು ಶಿಖರವಿದೆ, ತುದಿಯಲ್ಲಿ ಹಾಟು ಮಾತೆಯ ಮರದ ಗುಡಿ. ಏಳೆಂಟು ಕಿ.ಮೀ. ದಾರಿ, ಒಂದೇ ಗಾಡಿಯ ಅಗಲ. ನೀವು ಇಳಿಯುತ್ತಿದ್ದೀರಿ, ತಿರುವಿನಲ್ಲಿ ಹಾರ್ನ್ ಹಾಕುತ್ತ ಟ್ಯಾಕ್ಸಿಯೊಂದು ಹತ್ತಿ ಬರುತ್ತದೆ. ನಿಯಮ ಸ್ಪಷ್ಟ: ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕು. ಅಂದರೆ ರಿವರ್ಸ್ ಹೋಗಬೇಕಾದವರು ನೀವು, ಅದೂ ಏರಿನ ಮೇಲೆ. ಹಿಂದಿನ ತಿರುವಿನಲ್ಲಿ ಅಗಲ ಜಾಗವೊಂದು ಇತ್ತೆಂದು ನೆನಪಿರಬೇಕು. ಬೆಟ್ಟದಲ್ಲಿ ಓಡಿಸುವವರ ಕಣ್ಣು ಸದಾ ಅಂಥ ಜಾಗಗಳನ್ನು ಎಣಿಸುತ್ತಲೇ ಇರುತ್ತದೆ. ಪಕ್ಕದವರು ಇಳಿದು ಕಣಿವೆಯ ಬದಿಯಲ್ಲಿ ನಿಂತು ಚಕ್ರ ನೋಡಲಿ. ಹ್ಯಾಂಡ್ ಬ್ರೇಕ್ ಹಿಡಿದೇ ಕ್ಲಚ್ ಬಿಡಿ, ಗಾಡಿ ಹಿಂದಕ್ಕೆ ಎಳೆಯತೊಡಗಿದಾಗ ಬ್ರೇಕ್ ಸಡಿಲಿಸಿ. ಅಷ್ಟರಲ್ಲಿ ಟ್ಯಾಕ್ಸಿಯವನೇ ಇಳಿದು ಬಂದು ‘ಆನೇ ದೋ, ಭಾಯಿ ಸಾಹಬ್, ಔರ್ ಆನೇ ದೋ’ ಎಂದು ಕೈಬೀಸಿ ಹೇಳುತ್ತಾನೆ. ಅವನ ಕೈ ನಂಬಬಹುದು. ಬೆಟ್ಟದ ಕಡೆಗೆ ಒತ್ತಿ ನಿಲ್ಲಿಸಿ, ಕನ್ನಡಿ ಮಡಚಿ. ನಡುವೆ ನಾಲ್ಕು ಬೆರಳಿನ ಅಂತರದಲ್ಲಿ ಅವನ ಗಾಡಿ ಜಾರಿಕೊಂಡು ಹೋಗುತ್ತದೆ. ಇಬ್ಬರೂ ಕೈ ಎತ್ತುತ್ತೀರಿ, ಅಷ್ಟೇ. ಕೂಗಾಟ, ಗುರಾಯಿಸುವುದು ಇಲ್ಲಿಲ್ಲ; ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನವರು ನೋಡಿ ಕಲಿಯಬೇಕಾದ ನಡತೆ.

ಕತ್ತಲಾದ ಮೇಲೆ ಓಡಿಸಬೇಡಿ ಎಂದರೆ ಎಷ್ಟು ಗಂಟೆಗೆ ಕತ್ತಲು ಎಂಬ ಪ್ರಶ್ನೆ ಬರುತ್ತದೆ. ಶಿಮ್ಲಾ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಎರಡೂ ಕಡೆ ಮಧ್ಯಾಹ್ನ ಒಂದೇ ಹೊತ್ತಿಗೆ. ಆದರೆ ಶಿಮ್ಲಾ ಉತ್ತರಕ್ಕಿರುವುದರಿಂದ ಡಿಸೆಂಬರಿನಲ್ಲಿ ಅಲ್ಲಿ ಹಗಲು ಹತ್ತೇ ಗಂಟೆ, ನಮಗಿಂತ ಒಂದು ತಾಸಿಗೂ ಮಿಕ್ಕಿ ಕಡಿಮೆ. ಏಪ್ರಿಲ್‌ನಲ್ಲಿ ಲೆಕ್ಕ ತಿರುಗಿ ಸಂಜೆ ಆರೂವರೆ ದಾಟಿಯೂ ಬೆಳಕಿರುತ್ತದೆ. ಆಳ ಕಣಿವೆಗಳಲ್ಲಿ ಮಾತ್ರ ಪಂಚಾಂಗದ ಸೂರ್ಯಾಸ್ತಕ್ಕಿಂತ ಎಷ್ಟೋ ಮೊದಲೇ ಬಿಸಿಲು ಗುಡ್ಡದಾಚೆ ಹೋಗುತ್ತದೆ. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಉಳಿಯುವ ಜಾಗ ಮುಟ್ಟುವಂತೆ ಹೊರಡಿ. ಮೊಬೈಲ್ ನಕ್ಷೆ ಹೇಳುವ ಸಮಯಕ್ಕೆ ಅರ್ಧದಷ್ಟು ಸೇರಿಸಿ. ಹತ್ತು ನಿಮಿಷ ಉಳಿಸಲು ಅದು ತೋರಿಸುವ ಒಳದಾರಿಗೆ ಇಳಿಯುವ ಮೊದಲು ಪಕ್ಕದ ಟೀ ಅಂಗಡಿಯಲ್ಲಿ ‘ಗಾಡಿ ಹೋಗುತ್ತದೆಯೇ’ ಎಂದು ಕೇಳಿ.

ಕೋಣೆ ಹಿಡಿಯುವಾಗ ಮಾಲೀಕರಿಗೆ ಫೋನ್ ಮಾಡಿ ಕಾರು ಬಾಗಿಲವರೆಗೆ ಬರುತ್ತದೆಯೇ, ಕೊನೆಯ ಒಂದು ಕಿ.ಮೀ. ಡಾಂಬರೋ ಮಣ್ಣೋ ಎಂದು ವಿಚಾರಿಸಿ. ಶಿಮ್ಲಾದ ಮಾಲ್ ರಸ್ತೆಗೆ ಪ್ರವಾಸಿಗರ ವಾಹನ ಬಿಡುವುದಿಲ್ಲ. ಕಾರ್ಟ್ ರೋಡಿನಲ್ಲಿ ಕಾರು ಬಿಟ್ಟು ಲಿಫ್ಟಿನಲ್ಲಿ ಮೇಲೆ ಹೋಗಬೇಕು. ‘ಮಾಲ್‌ನಿಂದ ಎರಡೇ ನಿಮಿಷ’ ಎಂಬ ಹೋಟೆಲಿಗೆ ಸೂಟ್‌ಕೇಸ್ ಹೊತ್ತು ಇನ್ನೂರು ಮೆಟ್ಟಿಲು ಹತ್ತಬೇಕಾದೀತು. ಊಟದ ಚಿಂತೆಯಿಲ್ಲ. ರಾಜ್ಮಾ ಚಾವಲ್ ಎಲ್ಲೆಡೆ ಸಿಗುತ್ತದೆ. ಸಿಡ್ಡು ಸಿಕ್ಕರೆ ಬಿಡಬೇಡಿ: ಗೋಧಿ ಹಿಟ್ಟನ್ನು ಹುದುಗಿಸಿ, ಒಳಗೆ ಅಕ್ರೋಟಿನ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ ತುಪ್ಪ ಸುರಿದು ಕೊಡುತ್ತಾರೆ, ನಮ್ಮ ಕಡುಬಿನ ದಾಯಾದಿ. ಬೆಳಗಿನ ಪರಾಠಕ್ಕೆ ಮಾತ್ರ ಮಕ್ಕಳು ಮಿತಿ ಹಾಕಿಕೊಳ್ಳಲಿ. ತಿರುವುಗಳು ಅದನ್ನು ಹೊಟ್ಟೆಯಲ್ಲಿ ಇರಗೊಡುವುದಿಲ್ಲ; ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ಕೊಡಿ.

ಕೊನೆಯ ರಾತ್ರಿ ಬಯಲಿಗೆ ಇಳಿದಿರಲೇಬೇಕು. ಶಿಮ್ಲಾದಿಂದ ಬೆಳಗ್ಗೆ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುತ್ತೇವೆ ಎನ್ನುವ ಯೋಜನೆ ಒಂದು ಸಣ್ಣ ಕುಸಿತಕ್ಕೆ, ಒಂದು ಕೆಟ್ಟು ನಿಂತ ಲಾರಿಗೆ ಬಲಿಯಾಗುತ್ತದೆ. ಮಧ್ಯಾಹ್ನದೊಳಗೆ ಕೆಳಗಿಳಿದರೆ ಪಿಂಜೋರಿನ ಮೊಘಲ್ ಕಾಲದ ಉದ್ಯಾನದಲ್ಲಿ ಒಂದು ಗಂಟೆ ಕೂರಬಹುದು, ಅಲ್ಲಿಂದ ಚಂಡೀಗಢ ಹತ್ತಿರ. ಕಾರನ್ನು ಸಂಜೆಯ ಬೆಳಕಿರುವಾಗಲೇ ಒಪ್ಪಿಸಿ, ಪೆಟ್ರೋಲು ಒಪ್ಪಂದದಷ್ಟೇ ತುಂಬಿಸಿ, ಮೊದಲ ದಿನದ ವಿಡಿಯೊ ಪಕ್ಕದಲ್ಲಿಟ್ಟುಕೊಂಡೇ ಗೀರುಗಳನ್ನು ತಾಳೆ ನೋಡಿ, ‘ಯಾವ ಹಾನಿಯೂ ಇಲ್ಲ’ ಎಂದು ಬರೆಸಿಕೊಳ್ಳಿ. ಫಾಸ್ಟ್ಯಾಗ್ ಲೆಕ್ಕ ಒಂದೆರಡು ದಿನ ತಡವಾಗಿ ಬರಬಹುದು, ಠೇವಣಿ ಅದಾದ ಮೇಲೆ ವಾಪಸ್.